ಅರ್ಧ ಗೇಣು ತಂತಿ

ನಾಲ್ಕನೆಯ ಸುತ್ತು ಸರಿಯಾಗಿ ಕೂತಿತು. ಐದನೆಯದಕ್ಕೆ ಅವನು ಉಸಿರು ಬಿಗಿಹಿಡಿದ. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡು, ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ನನ್ನನ್ನು ಅದರ ಕಂಬಿಗೆ ಒತ್ತುತ್ತ ತಿರುಗಿಸಿದ. ನಾನು ಬಗ್ಗಿದೆ. ಇನ್ನೂ ಸ್ವಲ್ಪ ಬಗ್ಗಿದೆ. ಆಮೇಲೆ ಟಿಕ್ಕೆಂದು ಮುರಿದೆ.

"ಥತ್ ನಿನ್ನ!"

"ಏನ್ರೀ ಅದು? ಬಚ್ಚಲಲ್ಲಿ ಕೂತ್ಕೊಂಡು ಯಾರಿಗೆ ಬೈತಿದ್ದೀರ?" ಎಂದು ಅಡುಗೆಮನೆಯಿಂದ ಅವನ ಹೆಂಡತಿಯ ದನಿ ಬಂತು.

"ಯಾರಿಗೂ ಇಲ್ಲ ಲೂರ್ದು. ಸೋಪು ಜಾರ್ತು."

"ಅರ್ಧ ಗಂಟೆಯಿಂದ ಸೋಪೇ ಜಾರ್ತಿದೆಯಾ?"

ಅವನು ಒಂದು ಚೊಂಬು ನೀರು ನೆಲಕ್ಕೆ ಸುರಿದ. ಮುರಿದ ತುಂಡುಗಳನ್ನು ನೀರು ಹೋಗುವ ತೂತಿಗೆ ನೂಕಿ, ಜೇಬಿನಿಂದ ನನ್ನ ಇನ್ನೊಂದು ಉದ್ದವನ್ನು ತೆಗೆದ. ಅದೇ ಹೊತ್ತಿಗೆ ನಾನು ಅಡುಗೆಮನೆಯಲ್ಲೂ ಇದ್ದೆ. ಲೂರ್ದಮ್ಮನ ಹಾಲಿನ ಪಾತ್ರೆಯ ಕೆಳಗೆ, ಮೊನ್ನೆಗಿಂತ ಹೆಚ್ಚು ಕೆಂಪಾಗಿ ಕಾಯುತ್ತಿದ್ದೆ. ಅವಳು ಬಚ್ಚಲ ಕಡೆ ಕಿವಿ ಕೊಟ್ಟು ನಿಂತಿದ್ದರಿಂದ ಹಾಲು ಉಕ್ಕಿ ನನ್ನ ಮೇಲೆ ಸುರಿಯಿತು. ಸುಟ್ಟ ಹಾಲಿನ ವಾಸನೆ ಮನೆ ತುಂಬಿತು.

ನಾನು ಒಂದು ತಂತಿ. ಮನುಷ್ಯರ ಹಾಗೆ ಒಂದೇ ಕಡೆ ಇರಬೇಕೆಂಬ ಕಟ್ಟುಪಾಡು ತಂತಿಗಳಿಗಿಲ್ಲ. ಕತ್ತರಿಸಿದರೆ ಎರಡೂ ಕಡೆ ನಾನೇ. ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ. ದಣಿವು ಎರಡು ಕಡೆ ಆಗುತ್ತದೆ, ಅಷ್ಟೆ.

ನನ್ನ ಹುಟ್ಟಿನ ವಿಷಯ ಹೇಳುವುದಾದರೆ, ನಿಕ್ಕಲ್ಲು ಮತ್ತು ಕ್ರೋಮಿಯಂ ಎಂಬ ಎರಡು ಲೋಹಗಳನ್ನು ಒಂದೇ ಕುಲುಮೆಯಲ್ಲಿ ಕರಗಿಸಿ ನನ್ನನ್ನು ಮಾಡಿದರು. ಮೊದಲು ನಾನು ದಪ್ಪ ಸರಳಾಗಿದ್ದೆ. ಆಮೇಲೆ ತೂತುಗಳಲ್ಲಿ ತೂರಿಸಿ ಎಳೆದರು. ಒಂದಕ್ಕಿಂತ ಒಂದು ಸಣ್ಣ ತೂತು. ಪ್ರತಿ ತೂತಿನಲ್ಲೂ ನಾನು ತೆಳ್ಳಗಾದೆ, ಉದ್ದವಾದೆ. ಮಗು ಅಳುತ್ತ ಹುಟ್ಟುತ್ತದಂತೆ. ನಾನು ಎಳೆಸಿಕೊಳ್ಳುತ್ತ ಹುಟ್ಟಿದೆ.

ಅಲ್ಲೇ ಪಕ್ಕದಲ್ಲಿ ತಾಮ್ರದ ತಂತಿಗಳೂ ತಯಾರಾಗುತ್ತಿದ್ದವು. ಅವು ಸಾಧುಗಳು. ಕರೆಂಟು ಬಂದರೆ ಬದಿಗೆ ಸರಿದು ದಾರಿ ಬಿಡುತ್ತವೆ. ನನ್ನ ಸ್ವಭಾವ ಹಾಗಲ್ಲ, ನಾನು ಅಡ್ಡ ನಿಲ್ಲುತ್ತೇನೆ. ಕರೆಂಟು ನೂಕುತ್ತದೆ, ನಾನು ತಡೆಯುತ್ತೇನೆ, ಆ ನೂಕಾಟದಲ್ಲಿ ನನ್ನ ಮೈ ಕಾದು ಕೆಂಪಾಗುತ್ತದೆ. ಮನುಷ್ಯರಿಗೆ ಬೇಕಾದದ್ದು ಆ ಕೆಂಪು. ಅದರಲ್ಲಿ ಅನ್ನ ಬೇಯುತ್ತದೆ, ಬಟ್ಟೆ ಇಸ್ತ್ರಿಯಾಗುತ್ತದೆ. ಅಡ್ಡ ನಿಲ್ಲುವುದೇ ನನ್ನ ಕಸುಬು. ಬೇರೆ ವಿದ್ಯೆ ಬರುವುದಿಲ್ಲ.

ಮೈಸೂರಿನ ಒಂದು ಅಂಗಡಿಯಲ್ಲಿ ನನ್ನನ್ನು ಸಣ್ಣ ಸಣ್ಣ ಸುರುಳಿಯಾಗಿ ಸುತ್ತಿ ಕರೆಂಟ್ ಒಲೆಯೊಳಗೆ ಹಾಕಿದರು. ಒಲೆಯ ಬಿಲ್ಲೆ ಬಿಳಿ ಮಣ್ಣಿನದು. ಅದರಲ್ಲಿ ಹಾವು ಸುತ್ತಿಕೊಂಡ ಹಾಗೆ ಒಂದು ಕಾಲುವೆ, ಆ ಕಾಲುವೆಯಲ್ಲಿ ನಾನು. ಮೊದಲು ನನ್ನನ್ನು ಕೊಂಡವರು ನರ್ಸಿಂಗ್ ಓದುವ ಹುಡುಗಿಯರು. ಅವರ ಹಾಸ್ಟೆಲಿನಲ್ಲಿ ಒಲೆ ನಿಷಿದ್ಧ. ಹಾಗಾಗಿ ನನ್ನ ಯೌವನವೆಲ್ಲ ಮಂಚದ ಕೆಳಗೆ, ಟ್ರಂಕಿನ ಹಿಂದೆ ಕಳೆಯಿತು. ಕೆಳಗಿನಿಂದ ನನಗೆ ಕಂಡದ್ದು ಹಿಮ್ಮಡಿಗಳು, ಬೇಯುವ ಮೊಟ್ಟೆಯ ಪಾತ್ರೆಯ ತಳ, ಮತ್ತು ವಾರ್ಡನ್ನಿನ ಚಪ್ಪಲಿ ಸದ್ದು ಕೇಳಿದಾಗ ಪ್ಲಗ್ಗು ಕೀಳಲು ಬರುವ ಒಂದು ಕೈ.

ಮೊದಲ ಸಲ ಮುರಿದದ್ದು ಅಲ್ಲೇ. ಬಿಸಿಯಾಗಿದ್ದಾಗ ಯಾರೋ ನೀರು ಚೆಲ್ಲಿದರು. ಹೊಸ ಕಾಯಿಲ್ ತರುವ ತಾಳ್ಮೆ ಯಾರಿಗಿದೆ? ಒಬ್ಬಳು ಮುರಿದ ಎರಡು ತುದಿಗಳನ್ನು ಎಳೆದು, ಒಂದಕ್ಕೊಂದು ಕೊಕ್ಕೆ ಹಾಕಿ ಒತ್ತಿದಳು. ಸುಟ್ಟುಹೋದ ಒಂದಿಷ್ಟು ಭಾಗ ಬಿದ್ದುಹೋಯಿತು. ಪ್ಲಗ್ಗು ಹಾಕಿದಾಗ ನಾನು ಹಿಂದೆಂದಿಗಿಂತ ಜೋರಾಗಿ ಬೆಳಗಿದೆ.

"ನೋಡೇ, ರಿಪೇರಿ ಆದ್ಮೇಲೆ ಮೊದ್ಲಿಗಿಂತ ಚೆನ್ನಾಗಿ ಉರೀತಿದೆ!" ಎಂದು ಅವರು ಕುಣಿದರು.

ಇದು ಎಲ್ಲರೂ ಮಾಡುವ ತಪ್ಪು. ತಂತಿ ಉದ್ದವಿದ್ದರೆ ಅಡ್ಡಿ ಹೆಚ್ಚು. ಕರೆಂಟು ತಡೆದು ತಡೆದು ಬರುತ್ತದೆ, ಬಿಸಿ ಹದವಾಗಿರುತ್ತದೆ. ತಂತಿ ಗಿಡ್ಡವಾದರೆ ಅಡ್ಡಿ ಕಡಿಮೆ. ಕರೆಂಟು ಒಡೆದ ಕೆರೆಯ ಹಾಗೆ ನುಗ್ಗುತ್ತದೆ, ತಂತಿ ಕೆಂಪು ದಾಟಿ ಹಳದಿಗೆ ತಿರುಗುತ್ತದೆ. ನೋಡುವವರಿಗೆ ಅದು ಕಸುವಿನ ಹಾಗೆ ಕಾಣುತ್ತದೆ. ಒಳಗಿನಿಂದ ಬಲ್ಲವನು ಹೇಳುತ್ತೇನೆ, ಅದು ಆಯುಸ್ಸನ್ನು ಬೇಗ ಬೇಗ ತಿನ್ನುವ ಉರಿ. ಮುಂದಿನ ಸಲ ಇನ್ನೂ ಬೇಗ ಮುರಿಯುತ್ತೇನೆ. ಮತ್ತೆ ಕೊಕ್ಕೆ, ಮತ್ತಷ್ಟು ಗಿಡ್ಡ, ಮತ್ತಷ್ಟು ಬೆಳಕು.

ಒಂದು ದಿನ ವಾರ್ಡನ್ನಿನ ಚಪ್ಪಲಿ ಸದ್ದು ಯಾರಿಗೂ ಕೇಳಿಸಲಿಲ್ಲ. ಒಲೆ ಉಗ್ರಾಣ ಸೇರಿತು. ಅಲ್ಲಿ ಧೂಳಿನಲ್ಲಿ ತಣ್ಣಗೆ ಕುಳಿತ ವರ್ಷಗಳು ನನ್ನ ಬದುಕಿನ ಒಳ್ಳೆಯ ವರ್ಷಗಳು. ಉಗ್ರಾಣ ಖಾಲಿ ಮಾಡಿದ ದಿನ, ಹಾಸ್ಟೆಲಿನ ಕಸ ಗುಡಿಸುತ್ತಿದ್ದ ಲೂರ್ದಮ್ಮ ನನ್ನನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬನ್ನಿಮಂಟಪದ ಹಿಂದಿನ ಸಾಲುಮನೆಗೆ ತಂದಳು. ಮನೆಗಳಿಗೆ ಕರೆಂಟು ಬಿಟ್ಟಿಯಾದ ಕಾಲ. ಗ್ಯಾಸು ಉಳಿಯುತ್ತದಲ್ಲ ಎಂದು ಅವಳ ಲೆಕ್ಕ. ನಾನು ಮುರಿದಾಗೆಲ್ಲ ಅವಳೂ ಕೊಕ್ಕೆ ಹಾಕಿದಳು. ಆದರೆ ಅವಳ ಕೊಕ್ಕೆಗಳು ಅಚ್ಚುಕಟ್ಟು, ಅವಳ ಹೊಲಿಗೆಯ ಹಾಗೆ.

ಆ ಮನೆಯಲ್ಲಿ ಇನ್ನಾಸಪ್ಪನಿದ್ದ. ಲೂರ್ದಮ್ಮನ ಗಂಡ, ಖಲಂದರ್ ಸಾಹೇಬರ ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುವವನು. ಟ್ರಂಪೆಟ್ಟು ಅವನ ಅಪ್ಪನದು. ಗೋಡೆಯ ಮೊಳೆಗೆ ತೂಗುಹಾಕಿದ ಅದು ನನಗೆ ಒಲೆಯಿಂದ ನೇರವಾಗಿ ಕಾಣುತ್ತಿತ್ತು. ಅದೂ ಸುತ್ತಿಕೊಂಡ ವಸ್ತುವೇ. ಅದರ ಮೂಲಕವೂ ಏನೋ ಹರಿಯುತ್ತದೆ, ಆದರೆ ಅದರಿಂದ ಹಾಡು ಬರುತ್ತದೆ. ನನ್ನಿಂದ ಬರುವುದು ಬರೀ ಬಿಸಿ. ಅದನ್ನು ನೋಡಿ ಹೊಟ್ಟೆ ಉರಿದಿದೆಯೇ ಎಂದು ಕೇಳಬೇಡಿ. ನನ್ನದು ಯಾವಾಗಲೂ ಉರಿಯುವ ಹೊಟ್ಟೆಯೇ.

ಆ ಬ್ಯಾಂಡಿನವರಲ್ಲಿ ಒಂದು ಪದ್ಧತಿ ಇತ್ತು. ಚರ್ಚಿನ ಮದುವೆ ಮುಗಿದು ವಧು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಡ್ರಮ್ಮುಗಳು ನಿಲ್ಲಬೇಕು. ಟ್ರಂಪೆಟ್ಟೊಂದೇ ಒಂದು ಸ್ವರ ಎತ್ತಬೇಕು. ಅವಳು ಕೊನೆಯ ಮೆಟ್ಟಿಲಿಳಿದು ನೆಲದ ಮೇಲೆ ಕಾಲಿಡುವವರೆಗೆ ಆ ಸ್ವರ ಒಂದೇ ಉಸಿರಿನಲ್ಲಿ ನಿಲ್ಲಬೇಕು. ಕಾಲಿಟ್ಟ ಕ್ಷಣ ಡ್ರಮ್ಮುಗಳೆಲ್ಲ ಒಟ್ಟಿಗೆ ಬೀಳಬೇಕು. ನಡುವೆ ಸ್ವರ ಮುರಿದರೆ ಅಪಶಕುನವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನ ಮದುವೆಗೆ ಬೇರೆ ಬ್ಯಾಂಡನ್ನು ಕರೆಯುತ್ತಾರೆ.

"ನಮ್ಮಪ್ಪನ ಕಾಲದಲ್ಲಿ ಹೆಣ್ಣುಗಳು ತಲೆ ಬಗ್ಗಿಸ್ಕೊಂಡು ಸರಸರ ಇಳಿಯೋವು," ಎಂದು ಇನ್ನಾಸಪ್ಪ ಗೊಣಗುತ್ತಿದ್ದ. "ಈಗ ಮೆಟ್ಟಿಲಿಗೊಂದು ಫೋಟೊ. ನಗೋದೇನು, ಕತ್ತು ತಿರುಗಿಸೋದೇನು! ಕೆಳಗಡೆ ಒಬ್ಬ ಗಂಡಸು ಉಸಿರು ಕಟ್ಟಿ ಸಾಯ್ತಿದ್ದಾನೆ ಅನ್ನೋ ಕರುಣೆ ಬೇಡ್ವಾ?"

ಕರುಣೆಯ ಮಾತು ಹಾಗಿರಲಿ. ಅವನು ಪ್ರಾಯದಿಂದ ಸೇದಿದ ಸಿಗರೇಟು ಅವನ ಉಸಿರನ್ನು ಗಿಡ್ಡ ಮಾಡಿತ್ತು. "ಊದೋದಾದರೆ ಸೇದಬೇಡಿ, ಸೇದೋದಾದರೆ ಊದೋ ಆಸೆ ಬಿಡಿ," ಎಂದು ಡಾಕ್ಟರು ಹೇಳಿದ್ದರು. ಖಲಂದರ್ ಸಾಹೇಬರು ಮನೆಗೇ ಬಂದು, ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಲೂರ್ದಮ್ಮ ಕೊಟ್ಟ ಟೀ ಊದಿ ಊದಿ ಕುಡಿದು ಹೇಳಿದ್ದರು: "ಪಾಸ್ಕ ಹಬ್ಬ ಆದ್ಮೇಲೆ ಮೊದಲನೇ ಮದುವೆ ಇದೆ ಇನ್ನಾಸು. ದೊಡ್ಡ ಮನೆತನ. ಮೆಟ್ಟಿಲ ಸ್ವರ ನೀನು ಹಿಡೀತೀಯಾ, ಇಲ್ಲಾ ಎರಡನೇ ಟ್ರಂಪೆಟ್ಟಿನ ಬಾಬಾಜಾನ್‌ಗೆ ಹೇಳ್ಲಾ? ಈಗ್ಲೇ ಹೇಳು, ಬೇಜಾರಿಲ್ಲ."

"ನಾನೇ ಹಿಡೀತೀನಿ ಸಾಹೇಬ್ರೆ."

ಪ್ರತಿ ವರ್ಷ ಬೂದಿ ಬುಧವಾರದಿಂದ ಪಾಸ್ಕ ಎಂಬ ಈಸ್ಟರ್ ಹಬ್ಬದವರೆಗೆ, ಅವರ ತಪಸ್ಸಿನ ಕಾಲದಲ್ಲಿ, ಮನೆಯ ಪ್ರತಿಯೊಬ್ಬರೂ ಇಷ್ಟದ್ದೊಂದನ್ನು ಬಿಡುತ್ತಿದ್ದರು. ಲೂರ್ದಮ್ಮ ಮೀನು ಬಿಡುತ್ತಿದ್ದಳು. ಇನ್ನಾಸಪ್ಪ ಸಿಗರೇಟು ಬಿಡುತ್ತಿದ್ದ, ಪಾಸ್ಕದ ಪೂಜೆ ಮುಗಿದ ಕೂಡಲೇ ಚರ್ಚಿನ ಗೋಡೆಯ ಹಿಂದೆ ನಿಂತು ಹಚ್ಚುತ್ತಿದ್ದ. ಈ ಸಲ ಮತ್ತೆ ಹಚ್ಚುವುದಿಲ್ಲ ಎಂದು ಹೆಂಡತಿಯ ತಲೆ ಮುಟ್ಟಿ ಹೇಳಿದ. ಅವಳು ಹಣೆಯ ಬೂದಿ ಒರೆಸಿಕೊಳ್ಳದೆ ಅವನ ಮುಖವನ್ನೇ ನೋಡಿದಳು. ನಂಬಿದಳು.

ಅವಳು ನಂಬಿದ ವಾರದಲ್ಲೇ ಅವಳ ತಮ್ಮ ಸವರಿರಾಜ ಕುವೈತಿನಿಂದ ರಜೆಗೆ ಬಂದ. ಬಾವನಿಗೆಂದು ಬಟ್ಟೆಗಳ ನಡುವೆ ಬಚ್ಚಿಟ್ಟು ಒಂದು ಯಂತ್ರ ತಂದಿದ್ದ. ಹೆಬ್ಬೆರಳಿನಷ್ಟು ದಪ್ಪದ ಲೋಹದ ಕೊಳವೆ. ಒಳಗೆ ಬ್ಯಾಟರಿ, ಮೇಲೆ ಒಂದು ಪುಟ್ಟ ತಂತಿಯ ಸುರುಳಿ, ಸುರುಳಿಯ ಹೊಟ್ಟೆಯಲ್ಲಿ ಹತ್ತಿ, ಹತ್ತಿಗೆ ಸಿಹಿ ವಾಸನೆಯ ರಸ. ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ರಸ ಆವಿಯಾಗುತ್ತದೆ, ಅದನ್ನು ಎಳೆದುಕೊಳ್ಳುವುದು.

"ಇದ್ರಲ್ಲಿ ಬೆಂಕಿ ಇಲ್ಲ ಬಾವ, ಬೂದಿ ಇಲ್ಲ, ಹೊಗೆನೂ ಇಲ್ಲ. ಸಿಗರೇಟ್ ಬಿಡೋರಿಗೆ ಊರುಗೋಲು ಇದ್ದ ಹಾಗೆ. ಇಲ್ಲಿ ಮಾತ್ರ ಮಾರೋ ಹಾಗಿಲ್ಲ, ಯಾರಿಗೂ ತೋರಿಸ್ಬೇಡಿ."

ಯಾರಿಗೂ ಎಂದರೆ ಅಕ್ಕನಿಗೂ ಎಂದು ಬಾವ ಅರ್ಥ ಮಾಡಿಕೊಂಡ.

ಸವರಿ ವಾಪಸು ಹೋದ. ಯಂತ್ರದ ಸುರುಳಿ ಕೆಲವೇ ದಿನಗಳಲ್ಲಿ ಕರಕಲಾಯಿತು. ಅಂಗಡಿಯಲ್ಲಿ ಹೊಸದು ಸಿಗುವಂತಿಲ್ಲ. ಆಗ ಇನ್ನಾಸಪ್ಪನ ಕಣ್ಣು ನನ್ನ ಮೇಲೆ ಬಿತ್ತು. ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಮ್ಮೆ ಯಂತ್ರವನ್ನು, ಒಮ್ಮೆ ನನ್ನನ್ನು ನೋಡಿದ. ಅದೂ ತಂತಿ, ಇದೂ ತಂತಿ. ಲೂರ್ದಮ್ಮ ಕೆಲಸಕ್ಕೆ ಹೋದ ಮೇಲೆ ಪ್ಲಗ್ಗು ಕಿತ್ತು, ನನ್ನ ಒಂದು ತುದಿಯಿಂದ ಎರಡು ಬೆರಳಗಲ ಸುರುಳಿ ಕತ್ತರಿಸಿದ. ಬಿಚ್ಚಿದಾಗ ಅದು ಒಂದು ಮೊಳ ತಂತಿಯಾಯಿತು. ಉಳಿದ ನನ್ನನ್ನು ಎಳೆದು ಮತ್ತೆ ಕೊಕ್ಕೆ ಹಾಕಿದ. ಅವಸರದ ಒಡ್ಡು ಕೊಕ್ಕೆ.

ಹೀಗೆ ನಾನು ಬಚ್ಚಲು ಸೇರಿದೆ. ವರ್ಷಗಟ್ಟಲೆ ಬೆಂದು ಬೆಂದು ಪೆಡಸಾದ ಮೈ ನನ್ನದು. ಮೊಳದಲ್ಲಿ ಮುಕ್ಕಾಲು ಪಾಲು ಅವನ ಕೈಯಲ್ಲಿ ಮುರಿದು ಹೋಗುತ್ತಿತ್ತು. ಮುಗಿದಾಗ ಮತ್ತೆ ಒಲೆಯಿಂದ ಇನ್ನೊಂದು ಮೊಳ.

ಕಲಿಯುವವನು ಮಾಡುವ ತಪ್ಪುಗಳನ್ನೆಲ್ಲ ಅವನು ಮಾಡಿದ. ತಂತಿಯೇ ತಾನೇ ಕಾಯುವುದು, ಹೆಚ್ಚು ತಂತಿ ಇದ್ದರೆ ಹೆಚ್ಚು ಬಿಸಿ ಎಂದುಕೊಂಡು ಮೊದಲು ಒಂದು ಗೇಣಿಗೂ ಮಿಕ್ಕಿ ಸುತ್ತಿದ. ನಾನು ಉಗುರುಬೆಚ್ಚಗಾದೆ, ಅಷ್ಟೆ. ರಸ ಬಾಯಿಗೆ ಚಿಮ್ಮಿತು. ಹತ್ತಿಗೆ ಹಳೆಯ ದಿಂಬು ಹರಿದ. ಅದು ಬೂರುಗದ ಹತ್ತಿ. ಬೂರುಗ ನೀರು ಕುಡಿಯುವುದಿಲ್ಲ, ತೇಲುತ್ತದೆ. ರಸ ಕುಡಿಯದ ಹತ್ತಿ ನನ್ನ ಹೊಟ್ಟೆಯಲ್ಲಿ ಒಣಗಿದ್ದ ಹಾಗೇ ಸುಟ್ಟುಹೋಯಿತು. ಅವನು ಬಾಯಿಗೆ ಟವೆಲು ತುರುಕಿಕೊಂಡು ಕೆಮ್ಮಿದ. ಹೊರಗೆ ಲೂರ್ದಮ್ಮ, "ಶೀತ ಆಗಿದೆ, ಬಿಸಿನೀರು ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ," ಎಂದಳು.

ಸವರಿಗೆ ಫೋನು ಮಾಡಿ ಪಿಸುಗುಟ್ಟಿದ. ಸವರಿ ಅಲ್ಲಿಂದ ಪಾಠ ಹೇಳಿದ. "ದಿಂಬಿನ ಹತ್ತಿ ಬೇಡ ಬಾವ, ಮೆಡಿಕಲ್ ಶಾಪಿನ ಹತ್ತಿ ತಗೊಳ್ಳಿ. ತಂತಿ ಉದ್ದ ಆದಷ್ಟೂ ಕರೆಂಟಿಗೆ ಅಡ್ಡಿ ಜಾಸ್ತಿ. ಅಡ್ಡಿ ಜಾಸ್ತಿ ಆದ್ರೆ ಕರೆಂಟ್ ಕಮ್ಮಿ ಬರುತ್ತೆ, ಬಿಸಿ ಏರಲ್ಲ."

"ಅಡ್ಡಿಯಿಂದ ತಾನೇ ಬಿಸಿ ಆಗೋದು ಅಂದಿದ್ದೆ ನೀನು ಮೊನ್ನೆ?"

"ಹೌದು ಬಾವ. ಆದ್ರೆ ಅಡ್ಡಿ ಪಡಿಸೋಕೆ ಮೊದ್ಲು ಕರೆಂಟು ಬರಬೇಕಲ್ಲ."

ಇನ್ನಾಸಪ್ಪ ಬಚ್ಚಲ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದ. ಅವನ ಬಲಗೈಯ ಮೂರು ಬೆರಳುಗಳು ಗಾಳಿಯಲ್ಲಿ ಟ್ರಂಪೆಟ್ಟಿನ ಕೀಲಿಗಳನ್ನು ಒತ್ತಿದವು. ಮೂರೂ ಒತ್ತಿದರೆ ಒಳಗಿನ ಕೊಳವೆಗಳೆಲ್ಲ ತೆರೆದುಕೊಂಡು ಉಸಿರಿಗೆ ದಾರಿ ಉದ್ದವಾಗುತ್ತದೆ, ಸ್ವರ ಕೆಳಗಿಳಿಯುತ್ತದೆ. ಯಾವುದನ್ನೂ ಒತ್ತದಿದ್ದರೆ ದಾರಿ ಗಿಡ್ಡ, ಸ್ವರ ಮೇಲಕ್ಕೆ.

"ಓಹೋ," ಎಂದ. "ಗಿಡ್ಡ ದಾರಿ, ಏರು ಸ್ವರ."

ಅರ್ಥ ಮಾಡಿಕೊಂಡದ್ದು ಸರಿಯೇ. ಆದರೆ ಅರ್ಥವಾದ ಮೇಲೆ ಮನುಷ್ಯ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. "ಅರ್ಧ ಗೇಣು ಬಾವ. ಅದಕ್ಕಿಂತ ಕಮ್ಮಿ ಇಡ್ಬೇಡಿ. ನಿಮ್ಮ ಯಂತ್ರ ತಡ್ಕೊಳಲ್ಲ, ಬ್ಯಾಟ್ರಿ ಕೈಯಲ್ಲೇ ಸಿಡಿಯುತ್ತೆ," ಎಂದು ಸವರಿ ಎಚ್ಚರಿಸಿದ್ದ. ಇನ್ನಾಸಪ್ಪ ಅರ್ಧ ಗೇಣಿನಿಂದ ಶುರು ಮಾಡಿದ. ಒಂದು ಸಲ ಎಲ್ಲವೂ ಕೂಡಿಬಂತು. ಹದವಾಗಿ ಕಾದೆ, ಮೋಡದಂಥ ಆವಿ ಬಂತು. ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಮಾರನೆಯ ದಿನ ಒಂದು ಬೆರಳು ಕಡಿಮೆ ಮಾಡಿದ. ಅದರಾಚೆ ದಿನ ಇನ್ನೊಂದು.

ಇತ್ತ ಒಲೆಯಲ್ಲಿ ನಾನು ದಿನದಿನಕ್ಕೆ ಪ್ರಕಾಶಮಾನನಾಗುತ್ತಿದ್ದೆ. ಮೊಳಗಟ್ಟಲೆ ಗಿಡ್ಡವಾದವನು ಇನ್ನೇನು ಮಾಡಲಿ? ಲೂರ್ದಮ್ಮ ಮೊದಲು ಹಿಗ್ಗಿದಳು. "ನೋಡ್ರೀ, ಈ ಮುದಿ ಒಲೆಗೆ ಪ್ರಾಯ ಬಂದಿದೆ. ಅನ್ನ ಎಷ್ಟು ಬೇಗ ಆಗೋಯ್ತು!" ಇನ್ನಾಸಪ್ಪ ಗೋಡೆ ನೋಡಿದ. ಆಮೇಲೆ ಅನ್ನ ತಳ ಹಿಡಿಯತೊಡಗಿತು. ಹಾಲು ಉಕ್ಕುವುದು ಮಾಮೂಲಾಯಿತು. ಕೊನೆಗೆ ಅವಳು ಒಲೆಯ ಮುಂದೆ ನಿಲ್ಲುವಾಗ ಕೈಯಲ್ಲಿ ಸದಾ ಒಂದು ಲೋಟ ನೀರು ಇಟ್ಟುಕೊಳ್ಳುವ ಹಾಗಾಯಿತು.

ಶುಭ ಶುಕ್ರವಾರ ಚರ್ಚಿನಲ್ಲಿ ಶಿಲುಬೆಹಾದಿ ಮುಗಿಸಿ ಉಪವಾಸದಲ್ಲಿ ಬರುವವರಿಗೆ ಆ ಸಾಲಿನ ಹೆಂಗಸರು ಗಂಜಿ ಕಾಯಿಸಿ ಒಯ್ಯುವುದು ರೂಢಿ. ಲೂರ್ದಮ್ಮ ದೊಡ್ಡ ಪಾತ್ರೆಯನ್ನು ನನ್ನ ಮೇಲಿಟ್ಟಳು. ಅಕ್ಕಿ ಅರಳುವ ಮುಂಚೆಯೇ ನಾನು ಹಳದಿಯಾಗಿ, ಬೆಳ್ಳಗಾಗಿ, ನಡುವಿನಲ್ಲಿ ಕರಗಿ ಬಿದ್ದೆ. ಒಲೆ ಕಪ್ಪಾಯಿತು.

ಅವಳು ಪ್ಲಗ್ಗು ಕಿತ್ತು, ಆರುವವರೆಗೆ ಕಾದು, ಕೊಕ್ಕೆ ಹಾಕಲೆಂದು ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು. ತನ್ನ ಕೊಕ್ಕೆಗಳು ಅವಳಿಗೆ ಗೊತ್ತು. ಇಲ್ಲಿ ಅವಳದಲ್ಲದ ಕೊಕ್ಕೆಗಳಿದ್ದವು. ಕಾಲುವೆಯ ಕೊನೆಯ ಸುತ್ತು ಪೂರ್ತಿ ಬರಿದಾಗಿತ್ತು.

"ರೀ, ಇಲ್ಲಿ ಬನ್ನಿ. ಇದೇನಿದು?"

"ತಂತಿ."

"ತಂತಿ ಅಂತ ನನಗೂ ಗೊತ್ತು. ಮಿಕ್ಕಿದ್ದೆಲ್ಲಿ?"

ಇನ್ನಾಸಪ್ಪ ಜೇಬಿನಿಂದ ಯಂತ್ರ ತೆಗೆದು ಕಟ್ಟೆಯ ಮೇಲಿಟ್ಟ. ಅವಳು ಅದನ್ನು ಮೂಸಿ ನೋಡಿದಳು. ಮಾವಿನಹಣ್ಣಿನ ವಾಸನೆ.

"ಸಿಗರೇಟು ಬಿಟ್ಟಿದ್ದೀನಿ ಲೂರ್ದು. ಬೂದಿ ಬುಧವಾರದಿಂದ ಒಂದೂ ಮುಟ್ಟಿಲ್ಲ, ಅಪ್ಪನಾಣೆ. ಇದು ಹೊಗೆ ಅಲ್ಲ. ಆವಿ."

"ಇಡ್ಲಿ ಬೇಯೋದೂ ಆವೀಲೇ. ನಾನೇನು ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಬೇಯಿಸ್ತೀನಾ?"

ಅವಳು ಕಿರುಚಲೂ ಇಲ್ಲ, ಅಳಲೂ ಇಲ್ಲ. ಸ್ಕ್ರೂ ಬಿಚ್ಚಿ, ಒಲೆಯಲ್ಲಿ ಉಳಿದಿದ್ದ ನನ್ನನ್ನೆಲ್ಲ ಎತ್ತಿ ಅವನ ಅಂಗೈಯಲ್ಲಿ ಇಟ್ಟಳು. "ಇಷ್ಟನ್ನೂ ನೀವೇ ತಗೊಳ್ಳಿ. ಕದಿಯೋ ಕಷ್ಟ ಬೇಡ." ಅರೆಬೆಂದ ಗಂಜಿಯನ್ನು ಎತ್ತಿಕೊಂಡು ಪಕ್ಕದ ಮನೆಯ ಗ್ಯಾಸಿಗೆ ಹೋದಳು.

ಅವನು ನನ್ನನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಿದ. ಮುಟ್ಟುವ ಮುಖವಿರಲಿಲ್ಲ. ಆದರೆ ಯಂತ್ರವನ್ನು ಎಸೆಯಲಿಲ್ಲ.

ಪಾಸ್ಕದ ನಂತರದ ಮದುವೆಯ ಬೆಳಿಗ್ಗೆ ಚರ್ಚಿನ ಹಿಂದಿನ ಗಸಗಸೆ ಮರದ ಕೆಳಗೆ ಅವನು ಜೇಬಿನಿಂದ ಯಂತ್ರ ತೆಗೆದ. ಯಂತ್ರದಲ್ಲಿದ್ದದ್ದು ನನ್ನ ಕೊನೆಯ ಸುರುಳಿ, ನಾಲ್ಕು ಬೆರಳಷ್ಟು ಗಿಡ್ಡ. ಹತ್ತಿ ಒಣಗಿತ್ತು, ರಸ ಮುಗಿದಿತ್ತು. ಅವನು ನೋಡಲಿಲ್ಲ. ಒಂದೇ ದಮ್ಮು, ಧೈರ್ಯಕ್ಕೆ ಎಂದುಕೊಂಡು ಗುಂಡಿ ಒತ್ತಿ ಎದೆತುಂಬ ಎಳೆದ. ನಾನು ಕ್ಷಣದಲ್ಲಿ ಬೆಳ್ಳಗಾದೆ. ಅವನ ಗಂಟಲಿಗೆ ಹೋದದ್ದು ಸುಟ್ಟ ಹತ್ತಿ.

ಡ್ರಮ್ಮುಗಳು ನಿಂತವು. ವಧು ಬಾಗಿಲಲ್ಲಿ ಕಾಣಿಸಿದಳು. ಇನ್ನಾಸಪ್ಪ ಸ್ವರ ಎತ್ತಿದ. ನಾನು ಅವನ ಜೇಬಿನಲ್ಲಿದ್ದುಕೊಂಡು ಕೇಳಿದೆ. ಸ್ವರ ಶುದ್ಧವಾಗಿತ್ತು. ಮೆಟ್ಟಿಲ ಅರ್ಧಕ್ಕೆ ಫೋಟೊದವನು "ಮೇಡಂ, ಅಲ್ಲೇ ಒಂದ್ನಿಮಿಷ" ಎಂದ. ಅವಳು ನಿಂತಳು. ಅಲ್ಲೇ ಕೆಮ್ಮು ಬಂತು. ಬಂದದ್ದು ನಿಲ್ಲಲೇ ಇಲ್ಲ. ಅವನು ಸೊಂಟ ಬಗ್ಗಿಸಿ ಕೆಮ್ಮಿದ, ಟ್ರಂಪೆಟ್ಟು ಕೈಜಾರಿ ಮೆಟ್ಟಿಲ ಕಲ್ಲಿಗೆ ಬಡಿಯಿತು. ಬಾಬಾಜಾನ್ ಹಿಂದಿನ ಸಾಲಿನಿಂದ ಸ್ವರ ಎತ್ತಿಕೊಂಡ. ಆದರೆ ನಡುವಿನ ಆ ಮೌನ ಎಲ್ಲರಿಗೂ ಕೇಳಿಸಿತ್ತು.

ಖಲಂದರ್ ಸಾಹೇಬರು ಬೈಯಲಿಲ್ಲ. "ನಿಮ್ಮಪ್ಪ ನನಗೆ ಊದೋದು ಕಲಿಸಿದ ಮನುಷ್ಯ. ನಿನ್ನನ್ನ ಕೈಬಿಡಲ್ಲ," ಎಂದರು. "ನಾಳೆಯಿಂದ ಗಿಲಕಿ ಹಿಡ್ಕೋ. ಅದಕ್ಕೆ ದಮ್ಮು ಬೇಕಾಗಿಲ್ಲ."

ಅಪ್ಪನ ಟ್ರಂಪೆಟ್ಟು ಗೋಡೆಗೆ ಹೋಯಿತು. ಇನ್ನಾಸಪ್ಪ ಕೆಂಪು ಕೋಟು ತೊಟ್ಟು, ಕೊನೆಯ ಸಾಲಿನಲ್ಲಿ ನಿಂತು, ಮಕ್ಕಳ ಆಟಿಕೆಯಂಥದ್ದನ್ನು ಅಲ್ಲಾಡಿಸುತ್ತ ಊರಿನ ಮದುವೆಗಳಿಗೆಲ್ಲ ನಡೆದ. ಯಂತ್ರವನ್ನು ಖಾಲಿ ಒಲೆಯೊಳಗಿಟ್ಟು ಎರಡನ್ನೂ ಗುಜರಿಯವನಿಗೆ ಕೊಟ್ಟುಬಿಟ್ಟ. ಹಾಗೆ ನನ್ನ ನಾಲ್ಕು ಬೆರಳು ಎಲ್ಲೋ ತೂಕಕ್ಕೆ ಹೋಯಿತು. ಸಿಗರೇಟನ್ನೂ ಮುಟ್ಟಲಿಲ್ಲ. ಮುಟ್ಟದಿರುವುದು ಸುಲಭವಾಗಿರಲಿಲ್ಲ. ಬೆರಳುಗಳು ಜೇಬು ತಡಕುತ್ತಿದ್ದವು. ಸುಮ್ಮನೆ ಕುಳಿತಲ್ಲೇ ಬೆವರುತ್ತಿದ್ದ, ಉಪ್ಪು ಕಡಿಮೆಯೆಂದು ತಟ್ಟೆ ನೂಕುತ್ತಿದ್ದ. ಲೂರ್ದಮ್ಮ ತಟ್ಟೆಯನ್ನು ಮತ್ತೆ ಅವನ ಕಡೆಗೆ ನೂಕುತ್ತಿದ್ದಳು. ಇದೇ ಅವರ ಮಾತುಕತೆ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅವನು ಟ್ರಂಪೆಟ್ಟು ಕೆಳಗಿಳಿಸಿದ. ಬಿದ್ದ ಪೆಟ್ಟಿಗೆ ಎರಡು ಕೊಳವೆಗಳನ್ನು ಹಿಡಿದಿಡುವ ಕಡ್ಡಿಯ ಬೆಸುಗೆ ಬಿಟ್ಟಿತ್ತು. ಊದಿದರೆ ಗಡಗಡ ಅದುರುತ್ತಿತ್ತು. ಬಿಸ್ಕತ್ತಿನ ಡಬ್ಬಿ ತೆರೆದು ನನ್ನಿಂದ ಅರ್ಧ ಗೇಣು ಅಳೆದು ಕತ್ತರಿಸಿದ. ಕೊನೆಗೂ ಸರಿಯಾದ ಅಳತೆ. ನಾನು ಮುರಿಯುತ್ತೇನೆಂದು ಕಾದೆ. ಮುರಿಯಲಿಲ್ಲ. ಈ ಸಲ ಅವನು ಅವಸರ ಮಾಡಲಿಲ್ಲ. ನಿಧಾನವಾಗಿ, ಒಂದರ ಪಕ್ಕ ಒಂದು ಸುತ್ತು ಬರುವ ಹಾಗೆ ಕಡ್ಡಿಯನ್ನು ಬಿಗಿದ. ಲೂರ್ದಮ್ಮ ಬಂದು ನೋಡಿ, ಹೊರಗೆ ಚಾಚಿಕೊಂಡಿದ್ದ ತುದಿಯನ್ನು ಇಕ್ಕಳದಿಂದ ಒಳಕ್ಕೆ ಮಡಚಿದಳು. "ಕೈಗೆ ಚುಚ್ಚುತ್ತೆ," ಎಂದಳು.

ಅಂದಿನಿಂದ ನಾನು ಇಲ್ಲಿದ್ದೇನೆ. ಇದು ನನ್ನ ಮುಪ್ಪು. ನನ್ನ ಮೂಲಕ ಈಗ ಏನೂ ಹರಿಯುವುದಿಲ್ಲ. ಪಕ್ಕದ ಕೊಳವೆಯಲ್ಲಿ ಗಾಳಿ ಹರಿಯುತ್ತದೆ, ಅದರ ನಡುಕ ನನಗೆ ತಾಗುತ್ತದೆ. ಕೆಂಪಾಗಬೇಕಾಗಿಲ್ಲ. ಯಾರಿಗೂ ಅಡ್ಡ ನಿಲ್ಲಬೇಕಾಗಿಲ್ಲ. ಬಿಗಿಯಾಗಿ ಹಿಡಿದುಕೊಂಡಿದ್ದರೆ ಸಾಕು. ಇಡೀ ಜನ್ಮ ಉರಿದ ಮೇಲೆ ತಣ್ಣಗಿರುವುದೂ ಒಂದು ಕೆಲಸವೇ ಎಂದು ತಿಳಿಯಲು ನನಗೆ ಇಷ್ಟು ಕಾಲ ಬೇಕಾಯಿತು.

ಸಂಜೆ ಸಾಲುಮನೆಗಳ ನಡುವಿನ ಅಂಗಳದಲ್ಲಿ ಅವನ ಅಭ್ಯಾಸ. ಲೂರ್ದಮ್ಮ ತುಂಬಿದ ಕೊಡ ಸೊಂಟಕ್ಕಿಟ್ಟು ನಲ್ಲಿಯಿಂದ ಮನೆಬಾಗಿಲಿಗೆ ನಡೆಯಬೇಕು, ಅವಳು ಹೊಸಿಲು ಮುಟ್ಟುವವರೆಗೆ ಸ್ವರ ನಿಲ್ಲಬೇಕು. ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ನಡುವೆ ನಿಂತು, ಕತ್ತು ಓರೆ ಮಾಡಿ, ಇಲ್ಲದ ಕ್ಯಾಮೆರಾಕ್ಕೆ ನಗುತ್ತಿದ್ದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. "ಮದುಮಗಳೇ, ಬೇಗ ನಡಿಯಮ್ಮ, ನಿನ್ನ ಗಂಡ ನೀಲಿಗಟ್ತಿದ್ದಾನೆ!" ಎಂದು ಕೂಗುತ್ತಿದ್ದರು. ಕೆಲವು ದಿನ ಅವಳು ಹೊಸಿಲು ಮುಟ್ಟಿದಳು. ಕೆಲವು ದಿನ ಸ್ವರ ತುಳಸಿಗಿಡದ ಹತ್ತಿರವೇ ಮುರಿಯಿತು. ಎಂದು ಯಾವುದಾಗುತ್ತದೆಂದು ನನಗೂ ಗೊತ್ತಿರುತ್ತಿರಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಸವರಿರಾಜನ ಮದುವೆ ನಿಶ್ಚಯವಾಯಿತು. "ನನ್ನ ಮದುವೆಗೆ ಮೆಟ್ಟಿಲ ಸ್ವರ ಬಾವಂದೇ. ಇಲ್ಲಾಂದ್ರೆ ಬ್ಯಾಂಡೇ ಬೇಡ," ಎಂದು ಅವನು ಹಟ ಹಿಡಿದ. ಖಲಂದರ್ ಸಾಹೇಬರು ಒಪ್ಪಿದರು. ಇನ್ನಾಸಪ್ಪನನ್ನು ಬದಿಗೆ ಕರೆದು, "ಇನ್ನೊಂದ್ಸಲ ಆ ಥರ ಆದ್ರೆ ನಮ್ಮ ಬ್ಯಾಂಡು ಚರ್ಚಿನ ಬಾಗಿಲು ಮರೀಬೇಕಾಗುತ್ತೆ. ಇಪ್ಪತ್ತು ಮನೆ ಇದರ ಮೇಲೆ ಉಣ್ತಿದೆ," ಎಂದು ಮಾತ್ರ ಹೇಳಿದರು.

ಮದುವೆಯ ದಿನ. ಒಳಗೆ ಕೊನೆಯ ಹಾಡು ಶುರುವಾಗಿದೆ. ಇನ್ನಾಸಪ್ಪ ಕೆಳಗೆ, ಮೆಟ್ಟಿಲುಗಳ ಬುಡದಲ್ಲಿ ನಿಂತಿದ್ದಾನೆ. ಅವನ ಹೆಬ್ಬೆರಳು ನನ್ನ ಮೇಲಿದೆ, ಒದ್ದೆಯಾಗಿದೆ. ಲೂರ್ದಮ್ಮ ಮೊದಲೇ ಹೊರಬಂದು, ಹೊಸ ರೇಷ್ಮೆಯಲ್ಲಿ, ಕೊನೆಯ ಮೆಟ್ಟಿಲ ಪಕ್ಕ ನಿಂತಿದ್ದಾಳೆ. ಫೋಟೊದವನು ನಡುಮೆಟ್ಟಿಲಲ್ಲಿ ಕಾಲು ಅಗಲಿಸಿ ಜಾಗ ಹಿಡಿದಿದ್ದಾನೆ. ಬಾಗಿಲಲ್ಲಿ ಬಿಳಿ ಬಟ್ಟೆ ಅಲುಗಿತು. ಉದ್ದನೆಯ ಸೆರಗಿನ ಗೌನು, ಹಿಡಿದುಕೊಳ್ಳಲು ಇಬ್ಬರು ಮಕ್ಕಳು. ನಿಧಾನಕ್ಕೆ ಇಳಿಯುವ ಮದುಮಗಳು.

ಖಲಂದರ್ ಸಾಹೇಬರು ಅವನ ಕಿವಿಯ ಹತ್ತಿರ ಬಗ್ಗಿದರು.

"ಇನ್ನಾಸು, ಆ ಕಂಬದ ಹಿಂದೆ ಬಾಬಾಜಾನ್ ನಿಂತಿದ್ದಾನೆ, ನೋಡು. ಸ್ವರ ಅವನು ಊದ್ತಾನೆ. ನೀನು ತುಟಿಗೆ ಇಟ್ಕೊಂಡು ಕೆನ್ನೆ ಉಬ್ಬಿಸಿ ನಿಂತ್ಕೊಂಡ್ರೆ ಸಾಕು. ನಿನ್ನ ಹೆಂಡ್ತಿಗೂ ಗೊತ್ತಾಗಲ್ಲ. ನಿನ್ನ ಮಾನನೂ ಉಳಿಯುತ್ತೆ, ನನ್ನ ಬ್ಯಾಂಡೂ ಉಳಿಯುತ್ತೆ."

ಇನ್ನಾಸಪ್ಪ ಕಂಬದ ಕಡೆ ತಿರುಗಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಮೆಟ್ಟಿಲುಗಳನ್ನು ನೋಡುತ್ತಿದ್ದಳು, ಕೊಡ ಹೊತ್ತವಳ ಹಾಗೆ ಒಂದು ಕೈ ಸೊಂಟದ ಮೇಲಿತ್ತು.

ಡ್ರಮ್ಮುಗಳು ನಿಂತವು.

"ಬೇಡ," ಎಂದ. ಎದೆತುಂಬ ಉಸಿರೆಳೆದುಕೊಂಡ.